ವಿಷಣ್ಣನ ಒಪ್ಪಿಗೆ

ಕಾಲು ಮುರಿದವನೊಬ್ಬನು ಶಸ್ತ್ರವೈದ್ಯನ ಮುಂದೆ ಮಲಗಿರುವನೆನ್ನೋಣ. ವೈದ್ಯನು ಮಾಡಬೇಕಾದುದನ್ನು ವಿವರಿಸುವನು. ರೋಗಿಯು ಕೇಳಿ, ಯೋಚಿಸಿ, 'ಆಗಲಿ' ಎನ್ನುವನು. ಇಲ್ಲಿ ಕೆಟ್ಟಿರುವುದು ಕಾಲು, ಒಪ್ಪುವುದು ಮನಸ್ಸು. ಯಜಮಾನನು ತನ್ನ ಮನೆಯ ರಿಪೇರಿಯ ವಿಷಯದಲ್ಲಿ ಮೇಸ್ತ್ರಿಯೊಡನೆ ಮಾತನಾಡುವಂತೆ ಮನಸ್ಸು ಕಾಲಿನ ವಿಷಯವನ್ನು ಮಾತನಾಡುತ್ತದೆ. ವೈದ್ಯವ್ಯವಹಾರದಲ್ಲಿ ಸಮ್ಮತಿಯೆಂದು ಕರೆಯುವುದೆಲ್ಲವೂ ಈ ಭೇದವನ್ನೇ ನಂಬಿಕೊಂಡು ನಿಂತಿದೆ. ಆದರೆ ರೋಗವು ಮನೆಯನ್ನು ಮಾತ್ರವಲ್ಲದೆ ಯಜಮಾನನನ್ನೂ ಹಿಡಿದಿದ್ದರೆ ಮಾಡತಕ್ಕದ್ದೇನು? ಪಾರ್ಕಿನ್ಸನ್ ರೋಗದಿಂದ ಕೈಕಾಲುಗಳು ನಡುಗಿ ಬಿಗಿದುಕೊಂಡಿರುವ, ಅದರೊಡನೆ ಖಿನ್ನತೆಯೂ ಕವಿದಿರುವ ಒಬ್ಬ ಮನುಷ್ಯನಿಗೆ, ಮೆದುಳಿನ ಆಳಕ್ಕೆ ವಿದ್ಯುತ್ ತಂತಿಯನ್ನಿಳಿಸುವ ಚಿಕಿತ್ಸೆಯನ್ನು ಮಾಡಬಹುದೆ, ಮಾಡುವುದಾದರೆ ಅದನ್ನು ಆರಿಸತಕ್ಕವರು ಯಾರು ಎಂಬ ಪ್ರಶ್ನೆಯು ಹುಟ್ಟುವುದು ಇಲ್ಲಿ.

ಲಂಡನ್ ನಗರದ ವೈದ್ಯನಾದ ಜೇಮ್ಸ್ ಪಾರ್ಕಿನ್ಸನ್ನನು 1817ರಲ್ಲಿ ನಡುಕುರೋಗವನ್ನು ಕುರಿತು ಒಂದು ಸಣ್ಣ ಪ್ರಬಂಧವನ್ನು ಪ್ರಕಟಿಸಿದನು. ಅವನು ವರ್ಣಿಸಿದುದು ಆರು ಮಂದಿ ರೋಗಿಗಳನ್ನು. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡು ಗಮನಿಸಿದ್ದಷ್ಟೆ. ಇಷ್ಟು ಸ್ವಲ್ಪ ಸಾಮಗ್ರಿಯಿಂದ ಅಷ್ಟು ಸ್ಫುಟವಾದ ಚಿತ್ರವನ್ನು ಬರೆದವನ ಕಣ್ಣಿನ ಸೂಕ್ಷ್ಮತೆಯನ್ನು ಮೆಚ್ಚಲೇಬೇಕು. ಆದರೆ ಒಂದು ಮಾತಿನಲ್ಲಿ ಅವನು ಎಡವಿದನು: ಈ ರೋಗದಲ್ಲಿ ಇಂದ್ರಿಯಗಳಿಗೂ ಬುದ್ಧಿಗೂ ಕೇಡಿಲ್ಲವೆಂದು ಬರೆದನು. ಮುಂದಿನ ಇನ್ನೂರು ವರ್ಷಗಳ ಅನುಭವವು ಹಾಗೆ ಹೇಳುವುದಿಲ್ಲ. 2008ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು, ಪಾರ್ಕಿನ್ಸನ್ ರೋಗಿಗಳಲ್ಲಿ ನೂರಕ್ಕೆ ಸುಮಾರು 17 ಮಂದಿಗೆ ತೀವ್ರವಾದ ಖಿನ್ನತೆಯೂ, ಲಘುವಾದುದನ್ನೂ ಸೇರಿಸಿಕೊಂಡರೆ ಸುಮಾರು 35 ಮಂದಿಗೆ ಗಮನಿಸತಕ್ಕಷ್ಟು ಖಿನ್ನತೆಯ ಲಕ್ಷಣಗಳೂ ಇರುವುವೆಂದು ಕಂಡರು. 'ಇಂಥ ರೋಗ ಬಂದರೆ ಯಾರಿಗೆ ತಾನೆ ದುಃಖವಾಗದು' ಎಂದು ಇದನ್ನು ತಳ್ಳಿಹಾಕುವ ಹಾಗಿಲ್ಲ. ಕೆಲವರಲ್ಲಿ ಈ ಖಿನ್ನತೆಯು ಮೊದಲ ನಡುಕಕ್ಕಿಂತ ಎಷ್ಟೋ ವರ್ಷ ಮುಂಚಿತವಾಗಿಯೇ ಕಾಣಿಸಿಕೊಳ್ಳುತ್ತದೆ. ಇನ್ನೂ ಬಾರದ ರೋಗಕ್ಕಾಗಿ ಯಾರೂ ದುಃಖಿಸಲಾರರು.

ಮನೆಯವರಿಗೆ ಇದು ಗೊತ್ತಾಗುವುದೂ ಕಷ್ಟ. ಈ ರೋಗದಲ್ಲಿ ಮುಖದ ಸ್ನಾಯುಗಳು ಬಿಗಿದು ಮುಖವು ಭಾವಶೂನ್ಯವಾಗುತ್ತದೆ. ಒಳಗೆ ಸಂತೋಷವಾಗಿರುವವನೂ ಮೊಮ್ಮಗಳ ಮಾತಿಗೆ ನಗಲಾರನು. ಒಳಗೆ ಬೇಯುತ್ತಿರುವವನೂ ಅದೇ ಮುಖವನ್ನು ಹೊತ್ತು ಕುಳಿತಿರುವನು. ನಿದ್ರೆಗೇಡು, ನಿಧಾನ, ಊಟದಲ್ಲಿ ಅನಾಸಕ್ತಿ ಇವು ಎರಡು ರೋಗಗಳಿಗೂ ಸಾಮಾನ್ಯ. ಆದುದರಿಂದ ನಡುಕಕ್ಕೆ ಮದ್ದು ಕೊಡಿಸಿದವರು ಖಿನ್ನತೆಯನ್ನು ವೃದ್ಧಾಪ್ಯವೆಂದು ಕರೆದು ಸುಮ್ಮನಾಗುವುದು ಸಾಧಾರಣವಾಗಿದೆ.

ಚಲನೆಗೂ ಉತ್ಸಾಹಕ್ಕೂ ನಂಟುಂಟೆಂಬುದು ತಿಳಿದುಬಂದ ಕಥೆಯಲ್ಲಿ ನಮ್ಮ ದೇಶದ ಎರಡು ಗಿಡಗಳು ಬರುತ್ತವೆ. ಒಂದು ಸರ್ಪಗಂಧ. ಅದರ ಬೇರಿನಿಂದ 1952ರಲ್ಲಿ ರೆಸರ್ಪೀನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ರಕ್ತದ ಒತ್ತಡಕ್ಕೆ ಮದ್ದಾಗಿ ಲೋಕದಲ್ಲೆಲ್ಲಾ ಹರಡಿತು. ಅದನ್ನು ಸೇವಿಸಿದವರಲ್ಲಿ ಕೆಲವರು ಕಾರಣವಿಲ್ಲದೆ ವಿಷಣ್ಣರಾದರು. ಕೆಲವರ ಕೈಕಾಲುಗಳು ಪಾರ್ಕಿನ್ಸನ್ ರೋಗಿಗಳಂತೆ ಬಿಗಿದುವು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ನನು ರೆಸರ್ಪೀನ್ ಕೊಟ್ಟು ನಿಶ್ಚಲವಾಗಿಸಿದ ಪ್ರಾಣಿಗಳಿಗೆ ಡೋಪ ಎಂಬ ವಸ್ತುವನ್ನು ಚುಚ್ಚಿದಾಗ ಅವು ಎದ್ದು ಓಡಾಡಿದುವು. ಮೆದುಳಿನಲ್ಲಿ ಡೋಪಮೈನಿಗೆ ತನ್ನದೇ ಆದ ಕೆಲಸವುಂಟೆಂದು ಆತನು ತೋರಿಸಿಕೊಟ್ಟನು. ಇನ್ನೊಂದು ಗಿಡ ನಮ್ಮ ಬೇಲಿಗಳ ನಸುಗುನ್ನಿ. ಮುಟ್ಟಿದರೆ ಮೈಯೆಲ್ಲಾ ತುರಿಸುವ ಆ ಕಾಯಿಯ ಬೀಜದಿಂದ 1937ರಲ್ಲಿಯೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಡೋಪವನ್ನು ಬೇರ್ಪಡಿಸಿದ್ದರು. ಅದು ಯಾವುದಕ್ಕೆ ಒದಗೀತೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ಮೆದುಳಿನ ಬುಡದಲ್ಲಿರುವ ಕಪ್ಪುಬಣ್ಣದ ಕೆಲವು ಜೀವಕೋಶಗಳು ಡೋಪಮೈನನ್ನು ತಯಾರಿಸುತ್ತವೆ. ಅವು ಸಾಯುತ್ತ ಬಂದಂತೆ ಪಾರ್ಕಿನ್ಸನ್ ರೋಗವು ಬೆಳೆಯುತ್ತದೆ. ಕೈಯನ್ನೆತ್ತುವ ಶಕ್ತಿಗೂ, ಎತ್ತಬೇಕೆಂಬ ಆಸೆಗೂ ಒಂದೇ ದ್ರವ್ಯವು ಸಹಾಯ ಮಾಡುತ್ತಿರುವಾಗ ಒಂದು ಕೆಟ್ಟು ಇನ್ನೊಂದು ಉಳಿಯಬೇಕೆಂದು ನಿರೀಕ್ಷಿಸುವುದು ಹೇಗೆ?

ಲೆವೊಡೋಪ ಮಾತ್ರೆಯು ಮೊದಲ ವರ್ಷಗಳಲ್ಲಿ ಅದ್ಭುತವಾಗಿ ಕೆಲಸಮಾಡುವುದು. ಕಾಲಕ್ರಮದಲ್ಲಿ ಅದರ ಗುಣವು ಗಂಟೆಗಂಟೆಗೆ ಏರಿಳಿಯತೊಡಗುತ್ತದೆ. ಮಾತ್ರೆ ಹಿಡಿದಾಗ ರೋಗಿಯು ಅಂಗಳದಲ್ಲಿ ನಡೆದಾಡುವನು, ಕೆಲವೊಮ್ಮೆ ಮೈಯೆಲ್ಲಾ ತಾನಾಗಿ ಹೊರಳುವಷ್ಟು ಅತಿಯಾಗುವುದೂ ಉಂಟು. ಮಾತ್ರೆ ಇಳಿದಾಗ ಕುರ್ಚಿಯಿಂದ ಏಳಲಾರನು. ಫ್ರಾನ್ಸಿನ ಗ್ರೆನೋಬ್ಲ್ ನಗರದಲ್ಲಿ ಬೆನಾಬಿಡ್ ಮತ್ತು ಅವರ ಸಹೋದ್ಯೋಗಿಗಳು 1987ರಿಂದ ಬೆಳಸಿದ ಚಿಕಿತ್ಸೆಯು ಇಂಥವರಿಗಾಗಿ. ತಲೆಬುರುಡೆಯಲ್ಲಿ ಸಣ್ಣ ರಂಧ್ರವನ್ನು ಕೊರೆದು, ತೆಳ್ಳನೆಯ ತಂತಿಯನ್ನು ಮೆದುಳಿನ ಆಳದ ಒಂದು ಕೇಂದ್ರಕ್ಕೆ ಇಳಿಸುವರು. ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಬ್ಯಾಟರಿಯನ್ನು ಹೂಳುವರು. ಸೆಕೆಂಡಿಗೆ ನೂರಕ್ಕೂ ಮಿಕ್ಕಿ ಸಣ್ಣ ವಿದ್ಯುತ್ ಸ್ಪಂದನಗಳು ಹರಿಯುವುವು. ಹೊರಗಿನಿಂದಲೇ ಅದನ್ನು ಹೆಚ್ಚಿಸಬಹುದು, ತಗ್ಗಿಸಬಹುದು, ನಿಲ್ಲಿಸಬಹುದು. ಇದು ರೋಗವನ್ನು ನಿಲ್ಲಿಸುವುದಿಲ್ಲ. ನಡುಕ, ಬಿಗಿತ, ಏರಿಳಿತಗಳನ್ನು ತಗ್ಗಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮೊದಲಾದ ಕಡೆಗಳಲ್ಲಿ ನಮ್ಮವರಿಗೂ ಇದು ದೊರೆಯುತ್ತದೆ. ಯಂತ್ರದ ಬೆಲೆಯೇ ಹಲವು ಲಕ್ಷ ರೂಪಾಯಿಗಳಾದುದರಿಂದ ಮನೆಯ ಲೆಕ್ಕಪುಸ್ತಕವೂ ಈ ನಿರ್ಧಾರದಲ್ಲಿ ಭಾಗಿಯಾಗುವುದು.

ಜನರು ಕಲಸಿಕೊಳ್ಳುವ ಒಂದು ವಿಷಯವನ್ನು ಇಲ್ಲಿಯೇ ಬಿಡಿಸುವುದು ಲೇಸು. 1938ರಲ್ಲಿ ರೋಮಿನಲ್ಲಿ ಮೊದಲಾದ, ನಮ್ಮಲ್ಲಿ 'ಕರೆಂಟು ಕೊಡುವುದು' ಎಂದು ಭಯದಿಂದ ಹೇಳುವ ಚಿಕಿತ್ಸೆಯು ಬೇರೆ. ತಲೆಯ ಹೊರಗೆ ಕಾಂತದ ಸುರುಳಿಯನ್ನು ಹಿಡಿದು ಮಾಡುವ ಚಿಕಿತ್ಸೆಯು ಬೇರೆ. ಇವೆರಡೂ ಖಿನ್ನತೆಗಾಗಿಯೇ ಬಳಕೆಯಲ್ಲಿರತಕ್ಕವು, ಯಾವ ತಂತಿಯನ್ನೂ ಒಳಗೆ ಬಿಡುವುದಿಲ್ಲ. ಮೊದಲನೆಯದಂತೂ, ಇಂದು ಅರಿವಳಿಕೆ ಕೊಟ್ಟು ಮಾಡತಕ್ಕದ್ದು, ತೀವ್ರಖಿನ್ನನಾದ ಪಾರ್ಕಿನ್ಸನ್ ರೋಗಿಯ ಮನಸ್ಸನ್ನಲ್ಲದೆ ಬಿಗಿತವನ್ನೂ ಕೆಲಕಾಲ ಸಡಿಲಿಸುತ್ತದೆ. ಆಳದ ತಂತಿಯು ಪಾರ್ಕಿನ್ಸನ್ ರೋಗಿಗೆ ಇಳಿಯುವುದು ಚಲನೆಗಾಗಿ. ಮನಸ್ಸಿನ ಮೇಲೆ ಅದು ಮಾಡುವುದೆಲ್ಲವೂ ಬೇಡದೆ ಬಂದ ಫಲ.

ಆ ಫಲವು ಎಂಥದೆಂಬುದಕ್ಕೆ 1999ರಲ್ಲಿ ಪ್ಯಾರಿಸ್ಸಿನ ವೈದ್ಯರು ಪ್ರಕಟಿಸಿದ ಒಂದು ವೃತ್ತಾಂತವು ಸಾಕ್ಷಿ. ಅರುವತ್ತೈದು ವಯಸ್ಸಿನ ಒಬ್ಬ ಸ್ತ್ರೀ. ಹಿಂದೆ ಎಂದೂ ಖಿನ್ನತೆಯಿಂದ ನರಳಿದವಳಲ್ಲ. ಆ ತಂತಿಯ ತುದಿಯಲ್ಲಿ ವಿದ್ಯುತ್ತನ್ನು ಬಿಡುವ ನಾಲ್ಕು ನೆಲೆಗಳಿದ್ದುವು. ಅವುಗಳಲ್ಲಿ ಒಂದನ್ನು ಪರೀಕ್ಷಾರ್ಥವಾಗಿ ಚಾಲನೆ ಮಾಡಿದ ಕೂಡಲೇ ಆಕೆಯ ಮುಖ ಬಾಡಿತು, ತಲೆ ಬಾಗಿತು, ಅಳು ಬಂದಿತು. ತನಗೆ ಬದುಕು ಬೇಡವಾಗಿದೆಯೆಂದೂ, ತಾನು ನಿರರ್ಥಕಳೆಂದೂ ಆಕೆ ಹೇಳತೊಡಗಿದಳು. ವಿದ್ಯುತ್ತನ್ನು ನಿಲ್ಲಿಸಿ ಒಂದೂವರೆ ನಿಮಿಷವಾಗುವಷ್ಟರಲ್ಲಿ ಆ ದುಃಖವು ಬಂದಂತೆಯೇ ಹೋಯಿತು; ಆಮೇಲೆ ಕೆಲವು ನಿಮಿಷ ಆಕೆ ವೈದ್ಯರೊಡನೆ ವಿನೋದವಾಡಿದಳು. ಕೆಲವೇ ಮಿಲಿಮೀಟರುಗಳ ಮೇಲಿನ ನೆಲೆಯಲ್ಲಿ ಅದೇ ವಿದ್ಯುತ್ತು ಆಕೆಯ ನಡುಕವನ್ನು ನಿಲ್ಲಿಸುತ್ತಿತ್ತು.

ಈ ವೃತ್ತಾಂತವನ್ನೋದಿ ಸಂತೋಷಪಡುವ ಒಂದು ಬಗೆಯ ತತ್ತ್ವಜ್ಞರಿರುವರು. ದುಃಖವೆಂಬುದು ವಿದ್ಯುತ್ತಿನ ಆಟವಷ್ಟೆ ಎಂದು ಅವರು ಕೈತಟ್ಟುವರು. ಅಷ್ಟು ಅವಸರ ಬೇಡ. ಈರುಳ್ಳಿ ಹೆಚ್ಚಿದರೂ ಕಣ್ಣೀರು ಬರುತ್ತದೆ. ಅದರಿಂದ ಮಗನನ್ನು ಕಳೆದುಕೊಂಡವಳ ಕಣ್ಣೀರು ಸುಳ್ಳಾಗುವುದಿಲ್ಲ. ಆದರೆ ಇನ್ನೊಂದು ಮಾತನ್ನು ಒಪ್ಪಲೇಬೇಕು. ಆ ಸ್ತ್ರೀಗೆ ಬದುಕು ಬೇಡವೆನಿಸಿದಾಗ ಅದು ಹೊರಗಿನಿಂದ ಬಂದ ಭಾವವೆಂದು ಅನ್ನಿಸಲಿಲ್ಲ. ತನ್ನದೇ ತೀರ್ಮಾನವೆಂಬಂತೆ ಮಾತನಾಡಿದಳು. ಖಿನ್ನತೆಯು ತನ್ನ ಗುರುತುಚೀಟಿಯನ್ನು ತೋರಿಸಿ ಒಳಗೆ ಬರುವುದಿಲ್ಲ. ಮನಸ್ಸಿನ ಮಾತನ್ನೇ ಕಲಿತುಕೊಂಡು, ಮನಸ್ಸಿನ ಹೆಸರಿನಲ್ಲಿಯೇ ರುಜು ಹಾಕುತ್ತದೆ. ವಿಷಣ್ಣನ ಒಪ್ಪಿಗೆಯನ್ನು ಕುರಿತ ತೊಡಕೆಲ್ಲವೂ ಈ ರುಜುವಿನದು.

ಇನ್ನು ಲೆಕ್ಕಗಳು. 2010ರಲ್ಲಿ ಅಮೆರಿಕದಲ್ಲಿ 299 ಮಂದಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡಮಾಡಿ, ಒಂದು ಪಂಗಡಕ್ಕೆ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಕೇಂದ್ರದಲ್ಲಿಯೂ ಇನ್ನೊಂದಕ್ಕೆ ಗ್ಲೋಬಸ್ ಪ್ಯಾಲಿಡಸ್ ಎಂಬಲ್ಲಿಯೂ ತಂತಿಯನ್ನಿಳಿಸಿ ಎರಡು ವರ್ಷ ನೋಡಿದ ಫಲವು ಪ್ರಕಟವಾಯಿತು. ಚಲನೆಯಲ್ಲಿ ಎರಡೂ ಸಮ. ಮೊದಲನೆಯದರಲ್ಲಿ ಮಾತ್ರೆಗಳು ಹೆಚ್ಚು ಕಡಮೆಯಾದುವು. ಆದರೆ ಖಿನ್ನತೆಯ ಅಂಕವು ಅಲ್ಲಿ ಸ್ವಲ್ಪ ಕೆಟ್ಟಿತು, ಎರಡನೆಯದರಲ್ಲಿ ಸ್ವಲ್ಪ ಸುಧಾರಿಸಿತು. ಮಾತ್ರೆಯನ್ನು ಬೇಗ ಬೇಗ ಇಳಿಸಿದವರಲ್ಲಿ ಯಾವುದರಲ್ಲಿಯೂ ಮನಸ್ಸು ನಿಲ್ಲದ ಒಂದು ಉದಾಸೀನತೆ ತಲೆದೋರುವುದೂ ಕಂಡುಬಂದಿದೆ. ಕೈಗೆ ಬೇಡವಾದ ಮದ್ದು ಮನಸ್ಸಿಗೆ ಬೇಕಾಗಿತ್ತೆಂದು ಕಾಣುತ್ತದೆ. ಆದುದರಿಂದ ಖಿನ್ನತೆಗೆ ಒಲಿದ ಮನಸ್ಸಿನವರಿಗೆ ಎರಡನೆಯ ಕೇಂದ್ರವನ್ನು ಆರಿಸುವ ವೈದ್ಯರಿರುವರು. ಇದು ವಿವೇಕವೇ, ನಿಯಮವಲ್ಲ.

ಇನ್ನೊಂದು ಲೆಕ್ಕವು ಹೇಳಲು ಕಷ್ಟವಾದುದು, ಆದರೆ ಮುಚ್ಚಿಡತಕ್ಕದ್ದಲ್ಲ. ಸಬ್‌ಥಲಾಮಿಕ್ ಶಸ್ತ್ರಕ್ರಿಯೆಯಾದ 5311 ಮಂದಿಯ ವೃತ್ತಾಂತವನ್ನು ಅನೇಕ ಆಸ್ಪತ್ರೆಗಳಿಂದ ಕಲೆಹಾಕಿ 2008ರಲ್ಲಿ ಪ್ರಕಟಿಸಿದವರು, ಅವರಲ್ಲಿ 24 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದೂ, ಮೊದಲ ವರ್ಷದಲ್ಲಿಯೇ ಅಪಾಯವು ಹೆಚ್ಚೆಂದೂ, ಶಸ್ತ್ರಕ್ರಿಯೆಯ ಅನಂತರದ ಖಿನ್ನತೆಯೇ ಅದರೊಡನೆ ಎಲ್ಲಕ್ಕಿಂತ ಬಿಗಿಯಾಗಿ ಹೆಣೆದುಕೊಂಡಿದೆಯೆಂದೂ ತಿಳಿಸಿದರು. ಐದು ವರ್ಷಗಳ ಮೇಲೆ, ಚೀಟಿ ಎತ್ತಿದಂತೆ ಪಂಗಡ ಮಾಡಿದ್ದ ಅಮೆರಿಕದ ಪರೀಕ್ಷೆಯೊಂದರ ಲೆಕ್ಕವನ್ನು ತೆಗೆದು ನೋಡಿದಾಗ, ಮೊದಲ ಆರು ತಿಂಗಳಲ್ಲಿ ಶಸ್ತ್ರಕ್ರಿಯೆಯವರಿಗೂ ಬರಿಯ ಮದ್ದಿನವರಿಗೂ ಈ ವಿಷಯದಲ್ಲಿ ಭೇದವು ಕಾಣಲಿಲ್ಲ. ಎರಡನ್ನೂ ಒಟ್ಟಿಗೆ ಓದತಕ್ಕದ್ದು. ಮೊದಲನೆಯದನ್ನು ಮಾತ್ರ ಓದಿದವನು ಹೆದರಿ ಓಡುವನು. ಎರಡನೆಯದನ್ನು ಮಾತ್ರ ಓದಿದವನು ಶಸ್ತ್ರಕ್ರಿಯೆಯಾದ ತಿಂಗಳುಗಳಲ್ಲಿ ರೋಗಿಯ ಮನಸ್ಸನ್ನು ವಿಚಾರಿಸುವುದನ್ನೇ ಬಿಡುವನು.

ಹೀಗಿರುವಾಗ ಖಿನ್ನನಾದ ರೋಗಿಯ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು? ಅವನು ಎರಡು ಬಗೆಯಲ್ಲಿ ತಪ್ಪಬಹುದು. 'ಮುದುಕನಿಗೇಕೆ ಇಷ್ಟು ಖರ್ಚು? ಆ ಹಣ ಮೊಮ್ಮಗನ ಓದಿಗಾಗಲಿ' ಎಂದು ಬೇಡವೆನ್ನಬಹುದು. ಕೇಳಿದವರಿಗೆ ಇದು ತ್ಯಾಗದಂತೆ ತೋರುವುದು. ಮನೆಯವರಿಗೆ ಅನುಕೂಲವಾದ ತ್ಯಾಗವಾದುದರಿಂದ ಯಾರೂ ಅದನ್ನು ಹೆಚ್ಚಾಗಿ ಪ್ರಶ್ನಿಸುವುದಿಲ್ಲ. ಅಥವಾ 'ಏನಾದರೂ ಮಾಡಿ, ಸತ್ತರೂ ಚಿಂತೆಯಿಲ್ಲ' ಎಂದು ಒಪ್ಪಿಬಿಡಬಹುದು. ಇದನ್ನು ಧೈರ್ಯವೆಂದು ಕರೆಯುವರು. ಅಪಾಯವನ್ನು ತೂಗಿನೋಡಿ ಒಪ್ಪುವುದು ಬೇರೆ. ತಕ್ಕಡಿಯನ್ನೇ ಎಸೆದು ಒಪ್ಪುವುದು ಬೇರೆ.

ಇದನ್ನೆಲ್ಲಾ ಕಂಡು, ಖಿನ್ನತೆ ಇರುವವರೆಗೆ ಈ ಚಿಕಿತ್ಸೆಯ ಮಾತೇ ಬೇಡವೆಂಬ ನಿಯಮವನ್ನು ಮಾಡಿಬಿಡುವುದು ಸುಲಭ. ತೀವ್ರವಾದ ಖಿನ್ನತೆಯನ್ನು, ಆತ್ಮಹತ್ಯೆಯ ಯೋಚನೆಯನ್ನು ಮೊದಲು ಶಮನಗೊಳಿಸಬೇಕೆಂಬುದರಲ್ಲಿ ಸಂಶಯವಿಲ್ಲ. ಅದಕ್ಕೆ ಮದ್ದುಗಳುಂಟು, ಸಮಾಧಾನದ ಮಾತಿನ ಚಿಕಿತ್ಸೆಯುಂಟು, ಮೇಲೆ ಹೇಳಿದ ಉಪಾಯಗಳುಂಟು. ಆದರೆ ದಿನಕ್ಕೆ ಐದು ಸಲ ಕಲ್ಲಾಗಿ ಐದು ಸಲ ಮನುಷ್ಯನಾಗುವವನ ಖಿನ್ನತೆಯಲ್ಲಿ ಒಂದು ಪಾಲು ಆ ಏರಿಳಿತದ ಮಗುವೇ ಆಗಿರುವುದು. ಅದನ್ನು ಕಳೆಯದೆ ಖಿನ್ನತೆ ಹೋಗದು. ಖಿನ್ನತೆ ಹೋಗದೆ ಅದನ್ನು ಕಳೆಯಗೊಡೆವು ಎಂದರೆ, ಹುಚ್ಚು ಬಿಟ್ಟ ಹೊರತು ಮದುವೆಯಿಲ್ಲ, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆಯ ನ್ಯಾಯವಾಗುವುದು. ಅಷ್ಟರಲ್ಲಿ ವಯಸ್ಸು ಮೀರಿ, ಬುದ್ಧಿಯೂ ಮಸುಕಾಗಿ, ಶಸ್ತ್ರಕ್ರಿಯೆಗೆ ಅವನು ಅರ್ಹನಲ್ಲವೆಂಬ ದಿನವು ಬರುವುದು. ಮುಂದೂಡಿದುದೇ ತೀರ್ಪಾಗುವುದು, ಯಾರೂ ತೀರ್ಪು ಕೊಟ್ಟಂತಿರುವುದಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಈ ವಿಷಯದಲ್ಲಿ ಒಂದು ಒಳ್ಳೆಯ ದಾರಿಯನ್ನು ಹಿಡಿದಿದೆ. ಮಾನಸಿಕ ಕಾಯಿಲೆಯಿರುವ ಮಾತ್ರಕ್ಕೆ ಯಾರನ್ನೂ ನಿರ್ಧಾರಕ್ಕೆ ಅಸಮರ್ಥರೆಂದು ಭಾವಿಸತಕ್ಕದ್ದಲ್ಲ. ತನಗೆ ಹೇಳಿದುದನ್ನು ತಿಳಿದುಕೊಳ್ಳಬಲ್ಲನೆ, ಅದರ ಪರಿಣಾಮವನ್ನು ಗ್ರಹಿಸಬಲ್ಲನೆ, ತನ್ನ ನಿರ್ಧಾರವನ್ನು ತಿಳಿಸಬಲ್ಲನೆ ಎಂಬುದನ್ನು ನೋಡಬೇಕು. ಆ ನಿರ್ಧಾರವು ಇತರರಿಗೆ ತಪ್ಪೆಂದು ತೋರಿತೆಂಬ ಕಾರಣವೂ ಸಾಲದು.

ಕಾಯಿದೆಗಿಂತ ಹಳೆಯದಾದ ಒಂದು ದೃಷ್ಟಾಂತವೂ ನಮ್ಮಲ್ಲಿದೆ. ಗೀತೆಯ ಮೊದಲ ಅಧ್ಯಾಯಕ್ಕೆ ವಿಷಾದವೆಂದೇ ಹೆಸರು. ನಡುಗುವ ಮೈ, ಜಾರಿದ ಬಿಲ್ಲು, ಕುಸಿದು ಕುಳಿತ ವೀರ: ಒಬ್ಬ ನರರೋಗತಜ್ಞನು ಓದಿದರೆ ಲೇಖನಿಯನ್ನು ಕೈಗೆತ್ತಿಕೊಳ್ಳತಕ್ಕ ವರ್ಣನೆ. ಆ ಸ್ಥಿತಿಯಲ್ಲಿ ಅರ್ಜುನನು ಆಡಿದ 'ಒಲ್ಲೆ' ಎಂಬ ಮಾತನ್ನು ಕೃಷ್ಣನು ಕೊನೆಯ ಮಾತೆಂದು ಸ್ವೀಕರಿಸಲಿಲ್ಲ. 'ನಿನಗೆ ಈಗ ತಲೆ ಸರಿಯಿಲ್ಲ' ಎಂದು ಕಡಿವಾಣವನ್ನು ಹಿಡಿದು ರಥವನ್ನು ಮುಂದಕ್ಕೂ ನುಗ್ಗಿಸಲಿಲ್ಲ. ಹದಿನೆಂಟು ಅಧ್ಯಾಯಗಳಷ್ಟು ಕಾಲ ಪ್ರಶ್ನೆಗೆ ಉತ್ತರ ಹೇಳಿ, ಎಲ್ಲವನ್ನೂ ವಿಮರ್ಶಿಸಿ ನಿನ್ನ ಇಷ್ಟದಂತೆ ಮಾಡೆಂದು ಕೊನೆಗೆ ಆಯ್ಕೆಯನ್ನು ಅವನ ಕೈಗೇ ಕೊಟ್ಟನು. ನಡುವೆ ವಿಶ್ವರೂಪವನ್ನು ತೋರಿಸಿ ಹೆದರಿಸಿದುದೂ ಉಂಟು. ವೈದ್ಯರಿಗೆ ಆ ಅನುಕೂಲವಿಲ್ಲ.

ನಮ್ಮ ಮನೆಗಳಲ್ಲಿ ನಡೆಯುವುದು ಹೀಗಲ್ಲ. ವೈದ್ಯರು ಮಗನೊಡನೆ ಇಂಗ್ಲಿಷಿನಲ್ಲಿ ಮಾತನಾಡುವರು. ಮಗನು ತಾಯಿಗೆ ಅದರ ಅರ್ಧವನ್ನು ಹೇಳುವನು. ತಾಯಿಯು ತಂದೆಗೆ 'ಒಳ್ಳೆಯದಾಗುತ್ತದಂತೆ' ಎನ್ನುವಳು. ಈ ರೋಗದಲ್ಲಿ ದನಿಯೂ ಕುಗ್ಗಿಹೋಗುವುದರಿಂದ, ತಂದೆಯು ಏನನ್ನೋ ಕೇಳಲು ಬಾಯ್ದೆರೆದರೆ ಅದು ಮುಗಿಯುವ ಮೊದಲೇ ಸಂಭಾಷಣೆಯು ಮುಂದೆ ಹೋಗಿರುತ್ತದೆ. ಮಗನದು ಕೆಟ್ಟ ಬುದ್ಧಿಯಲ್ಲ. ಅವನು ಸಾಲವನ್ನು ಹೊರಲು ಸಿದ್ಧನಾಗಿ ನಿಂತವನು. ಆದರೂ ಕೊರೆಯುವುದು ಅವನ ತಲೆಬುರುಡೆಯನ್ನಲ್ಲ. ಖಿನ್ನನ ಬುದ್ಧಿಯನ್ನು ಅನುಮಾನಿಸುವವರು ಮೊದಲು ಅವನ ಮಾತನ್ನು ಪೂರ್ತಿಯಾಗಿ ಕೇಳಿದರೆಂಬುದನ್ನು ಖಚಿತಪಡಿಸಿಕೊಳ್ಳಲಿ. ಮಾತ್ರೆ ಹಿಡಿದ ಗಂಟೆಯಲ್ಲೊಮ್ಮೆ, ಇಳಿದ ಗಂಟೆಯಲ್ಲೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ, ಮನೆಯವರಿಲ್ಲದೆ ಅವನೊಬ್ಬನನ್ನೇ ಕೂರಿಸಿಕೊಂಡು ಕೇಳಿದರೆ, ಮೂರು ಸಲವೂ ಒಂದೇ ಉತ್ತರ ಬರುವುದೋ ಇಲ್ಲವೋ ತಿಳಿಯುವುದು. ಬದಲಾಗುವ ಉತ್ತರವು ರೋಗದ್ದಾಗಿರಬಹುದು. ಬದಲಾಗದ ಉತ್ತರವು, ದುಃಖದಿಂದಲೇ ಹೊರಟಿದ್ದರೂ, ಅವನದೆಂದು ಗೌರವಿಸದೆ ಗತಿಯಿಲ್ಲ. ದುಃಖವಿಲ್ಲದವರು ಮಾತ್ರ ತಮ್ಮ ಬಾಳನ್ನು ತೀರ್ಮಾನಿಸತಕ್ಕವರೆಂದರೆ ಲೋಕದಲ್ಲಿ ತೀರ್ಮಾನಗಳೇ ಕಡಮೆಯಾದಾವು.

ಶಸ್ತ್ರಕ್ರಿಯೆಯು ಸಫಲವಾದಮೇಲೆ ಬರುವ ಕಷ್ಟಗಳನ್ನು ಯಾರೂ ಮೊದಲು ಹೇಳುವುದಿಲ್ಲ. ಪ್ಯಾರಿಸ್ಸಿನಲ್ಲಿಯೇ 29 ಮಂದಿಯನ್ನು ಹಿಂಬಾಲಿಸಿ ನೋಡಿ 2006ರಲ್ಲಿ ಬರೆದವರು, ಕೈಕಾಲುಗಳು ಚೆನ್ನಾಗಿ ಸುಧಾರಿಸಿದ ಮೇಲೆಯೂ 24 ದಂಪತಿಗಳಲ್ಲಿ 17 ಕಡೆ ವಿರಸ ಹುಟ್ಟಿತೆಂದೂ, ಮೊದಲು ಉದ್ಯೋಗದಲ್ಲಿದ್ದ 16 ಮಂದಿಯಲ್ಲಿ 9 ಮಂದಿ ಮಾತ್ರ ಮತ್ತೆ ಕೆಲಸಕ್ಕೆ ಹೋದರೆಂದೂ ಕಂಡರು. ರೋಗವು ಎಷ್ಟೋ ವರ್ಷ ಮನೆಯಲ್ಲಿದ್ದು ಮನೆಯನ್ನು ತನಗೆ ತಕ್ಕಂತೆ ಜೋಡಿಸಿಕೊಂಡಿರುತ್ತದೆ. ಹಿಡಿದು ನಡೆಸುವವಳು ಒಬ್ಬಳು, ನಡೆಯುವವನು ಒಬ್ಬನು. ಒಂದು ಬೆಳಗ್ಗೆ ಅವನು ಕೈಬಿಡಿಸಿಕೊಂಡು ನಡೆದರೆ, ಹಿಡಿದಿದ್ದ ಕೈಗೆ ಕೆಲಸವೇನು? ಹೋರಾಡುತ್ತಿದ್ದವನಿಗೂ ಶತ್ರುವು ಹೋದಮೇಲೆ ಬಯಲು ಬರಿದಾಗಿ ತೋರುವುದು.

ಇನ್ನೊಂದು ವೃತ್ತಾಂತವು ಹಾಲೆಂಡಿನದು, 2004ರಲ್ಲಿ ಪ್ರಕಟವಾದುದು. 62 ವಯಸ್ಸಿನ ಒಬ್ಬನಿಗೆ ತಂತಿಯ ಚಿಕಿತ್ಸೆಯಿಂದ ನಡುಕವು ಚೆನ್ನಾಗಿ ಇಳಿಯಿತು. ಆದರೆ ಮೂರು ವರ್ಷಗಳ ಮೇಲೆ ಖಿನ್ನತೆಗೆ ಪ್ರತಿಯಾದ ಉನ್ಮಾದವು ಹತ್ತಿತು. ಮಿತಿಯಿಲ್ಲದೆ ವ್ಯವಹರಿಸಿ ಸಾಲದಲ್ಲಿ ಮುಳುಗಿದನು, ಮದ್ದುಗಳು ಫಲಿಸಲಿಲ್ಲ. ಯಂತ್ರವನ್ನು ನಿಲ್ಲಿಸಿದರೆ ಬುದ್ಧಿಯು ತಿಳಿಯಾಗುವುದು, ಆದರೆ ಹಾಸಿಗೆಯಿಂದ ಏಳಲಾರನು. ನಡೆಸಿದರೆ ಓಡಾಡುವನು, ಆದರೆ ಬುದ್ಧಿ ಕೈಯಲ್ಲಿರದು. ನಡುವೆ ಮೂರನೆಯ ದಾರಿಯಿರಲಿಲ್ಲ. ವೈದ್ಯರು ಯಂತ್ರವನ್ನು ನಿಲ್ಲಿಸಿ, ಅವನು ತಿಳಿಯಾದಾಗ ಕೇಳಿದರು. ಯಂತ್ರವು ನಡೆಯಲಿ, ತನ್ನನ್ನು ಮಾನಸಿಕ ಆಸ್ಪತ್ರೆಯಲ್ಲಿಡಿ ಎಂದು ಅವನು ಹೇಳಿದನು. ಹಾಗೆಯೇ ಮಾಡಿದರು.

ನಳನ ಕಥೆಯನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಕಲಿಯು ಹೊಕ್ಕಾಗ ನಳನ ಮೈ ಸುಂದರವಾಗಿಯೇ ಇತ್ತು. ಕೆಟ್ಟುದು ಬುದ್ಧಿ, ಜೂಜಿನಲ್ಲಿ ಹೋದುದು ರಾಜ್ಯ. ಕಾರ್ಕೋಟಕನು ಕಚ್ಚಿ ಮೈ ವಿಕಾರವಾದ ಮೇಲೆ, ಅದೇ ವಿಷದಿಂದ ಒಳಗಿನ ಕಲಿಯು ಬೇಯತೊಡಗಿದನು. ಡೋಪಮೈನನ್ನು ಅನುಕರಿಸುವ ಕೆಲವು ಮದ್ದುಗಳಿಂದ ಪಾರ್ಕಿನ್ಸನ್ ರೋಗಿಗಳಿಗೆ ಜೂಜಿನ ಚಟವೇ ಹತ್ತುವುದುಂಟೆಂದು ತಿಳಿದಾಗ ಈ ಕಥೆಯು ಮತ್ತಷ್ಟು ಹತ್ತಿರವಾಗುತ್ತದೆ. ನಳನಿಗೆ ಯಾರೂ ಆಯ್ಕೆಯನ್ನು ಕೊಡಲಿಲ್ಲ: ಸುಂದರನಾದ ಜೂಜುಗಾರನಾಗಿರುವೆಯೋ, ಕುರೂಪಿಯಾದ ಬಾಹುಕನಾಗಿರುವೆಯೋ ಎಂದು. ಹಾಲೆಂಡಿನವನಿಗೆ ಕೊಟ್ಟರು, ಅವನು ಆರಿಸಿದುದು ಕಲಿಯನ್ನು. ಓದಿದವರಲ್ಲಿ ಅನೇಕರಿಗೆ ಇದು ತಪ್ಪೆಂದು ತೋರುವುದು. ಬುದ್ಧಿಯೇ ಮನುಷ್ಯನೆಂದು ನಂಬಿದವರಿಗೆ ಅಂತೂ ಆಘಾತ. ಆದರೆ ಅವರಲ್ಲಿ ಯಾರೂ ಅವನ ಹಾಸಿಗೆಯಲ್ಲಿ ಒಂದು ದಿನವೂ ಮಲಗಿದವರಲ್ಲ. ತಿಳಿಯಾದ ಬುದ್ಧಿಯು ಮಾಡಿದ ಆಯ್ಕೆಯನ್ನು, ಆ ಬುದ್ಧಿಯನ್ನು ಬಿಟ್ಟುಕೊಡುವ ಆಯ್ಕೆಯೆಂಬ ಕಾರಣದಿಂದ ತಳ್ಳಿಹಾಕಿದ್ದರೆ, ಅವನನ್ನು ಕೇಳಿದುದೇ ನಾಟಕವಾಗುತ್ತಿತ್ತು. ವೈದ್ಯರು ನಡೆದುಕೊಂಡುದು ಸರಿ. ಅದರಲ್ಲಿ ಉಳಿದ ಕೊರತೆ ಒಂದೇ: ಆ ಆಯ್ಕೆಯನ್ನು ಅವನು ಎಂದಾದರೂ ಹಿಂತೆಗೆದುಕೊಳ್ಳಬೇಕೆಂದರೆ, ಅದಕ್ಕೆ ಬೇಕಾದ ಬುದ್ಧಿಯು ಯಂತ್ರವು ನಿಂತಾಗ ಮಾತ್ರ ಅವನಲ್ಲಿರುತ್ತದೆ, ನಿಲ್ಲಿಸತಕ್ಕವರು ಬೇರೆಯವರು.

ಈ ಚಿಕಿತ್ಸೆಯಾದವರಿಗೆ ಆಸ್ಪತ್ರೆಯಿಂದ ಹೊರಡುವಾಗ ಅಂಗೈಯಲ್ಲಿ ಹಿಡಿಸುವ ಒಂದು ಪುಟ್ಟ ನಿಯಂತ್ರಕವನ್ನು ಕೊಡುವರು. ಅದರಿಂದ ಎದೆಯೊಳಗಿನ ಯಂತ್ರವನ್ನು ನಡೆಸಬಹುದು, ನಿಲ್ಲಿಸಬಹುದು, ವೈದ್ಯರು ಗೊತ್ತುಮಾಡಿದ ಮಿತಿಯೊಳಗೆ ಏರಿಸಿ ಇಳಿಸಬಹುದು. ಮನೆಗೆ ಬಂದಮೇಲೆ ಅದು ಇರತಕ್ಕ ಜಾಗ ಯಾವುದು, ರೋಗಿಯ ದಿಂಬಿನ ಕೆಳಗೋ, ಹೆಂಡತಿಯ ಬೀರುವಿನಲ್ಲೋ, ಮಗನ ಜೇಬಿನಲ್ಲೋ ಎಂಬುದನ್ನು ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವ ಮೊದಲೇ, ಎಲ್ಲರೂ ಕೂಡಿರುವಾಗ, ಕುಗ್ಗಿದ ದನಿಯವನನ್ನೇ ಮೊದಲು ಕೇಳಿ ಗೊತ್ತುಮಾಡಿಕೊಳ್ಳತಕ್ಕದ್ದು.